ಹಿಮಾಲಯದ ಸೇಬಿಗೆ ಮಾಂಜ್ರಾ ಸೀಮೆಯ ಬೆಲ್ಲ

ಮುಂಗಾರು ಹಿಂದೆ ಸರಿದು, ಸೋಯಾಬೀನಿನ ರಾಶಿ ಹೊಲದಿಂದ ಮನೆಗೂ ಮಾರುಕಟ್ಟೆಗೂ ಸಾಗುವ ಆಶ್ವಯುಜ ಮತ್ತು ಕಾರ್ತಿಕ ಮಾಸಗಳು ಭಾರತೀಯ ಋತುಗಣನೆಯಲ್ಲಿ ಶರದೃತು ಎನಿಸಿಕೊಳ್ಳುತ್ತವೆ. ಭಾಲ್ಕಿ, ಔರಾದ್ ಮತ್ತು ಬೀದರ್ ಸೀಮೆಯಲ್ಲಿ ನವರಾತ್ರಿಯಿಂದ ದೀಪಾವಳಿಯವರೆಗಿನ ಹಬ್ಬಗಳು ಸಾಲಾಗಿ ಬರುವುದು ಈ ಎರಡು ತಿಂಗಳುಗಳಲ್ಲೇ. ಇದೇ ವೇಳೆಗೆ ಸಾವಿರ ಕಿಲೋಮೀಟರಿಗೂ ದೂರದ ಹಿಮಾಚಲ ಪ್ರದೇಶ ಮತ್ತು ಕಾಶ್ಮೀರದ ತೋಟಗಳಲ್ಲಿ ಸೇಬಿನ ಕೊಯ್ಲು ಭರದಿಂದ ನಡೆದು, ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಕಾಯದ ಹೊಸ ಹಣ್ಣು ಊರೂರಿನ ಹಣ್ಣಿನ ಗಾಡಿಗಳಿಗೆ ಬಂದು ತಲುಪುತ್ತದೆ. ಬೀದರ್ ಜಿಲ್ಲೆಯ ಹೊಲಗಳಲ್ಲಿ ಎಳೆಯ ಅಲ್ಲ, ಅಂದರೆ ಹಸಿ ಶುಂಠಿ, ಕೈಗೆ ಸಿಗತೊಡಗುವುದೂ ಕಬ್ಬು ಗಾಣಕ್ಕೆ ಸಿದ್ಧವಾಗುವುದೂ ಇದೇ ಸಮಯಕ್ಕೆ. ಹೀಗೆ ದೂರದ ಹಣ್ಣೊಂದು ತನ್ನ ಅತ್ಯುತ್ತಮ ಸ್ಥಿತಿಯಲ್ಲಿರುವಾಗಲೇ ಅದನ್ನು ಬೇಯಿಸಲು ಬೇಕಾದ ತುಪ್ಪ, ಬೆಲ್ಲ ಮತ್ತು ಅಲ್ಲ ಮೂರೂ ನೆರೆಯಲ್ಲೇ ದೊರೆಯುವುದರಿಂದ, ತುಪ್ಪದಲ್ಲಿ ಹುರಿದ ಬಿಸಿ ಸೇಬಿನ ಸಿಹಿಯನ್ನು ಈ ಸೀಮೆಯ ಶರತ್ಕಾಲದ ತಿನಿಸಾಗಿ ಪರಿಗಣಿಸಲು ಎಲ್ಲ ಕಾರಣಗಳೂ ಇವೆ.

ಆದರೂ ಉತ್ತರ ಕರ್ನಾಟಕದ ಬಹುತೇಕ ಮನೆಗಳಲ್ಲಿ ಸೇಬಿಗೆ ಅಡುಗೆಮನೆಯಲ್ಲಿ ಸ್ಥಾನವಿಲ್ಲ. ರೋಗಿಯನ್ನು ನೋಡಲು ಹೋಗುವಾಗ ಒಯ್ಯುವ ಹಣ್ಣಾಗಿ, ಪೂಜೆಯ ತಟ್ಟೆಯ ಫಲವಾಗಿ, ಮಕ್ಕಳಿಗೆ ಹೆಚ್ಚಿ ಕೊಡುವ ಹೋಳಾಗಿ ಮಾತ್ರ ಅದು ಬಳಕೆಯಲ್ಲಿದ್ದು, ಹಬ್ಬ ಮುಗಿದ ಮೇಲೆ ಉಳಿದ ಹಣ್ಣು ಬಾಡಿ ಹಿಟ್ಟುಹಿಟ್ಟಾಗುತ್ತದೆ. ಒಲೆಯ ಮೇಲೆ ಈ ಹಣ್ಣಿಗೆ ಏನಾಗುತ್ತದೆ ಎಂಬುದರ ಪರಿಚಯವಿದ್ದರೆ ಗಟ್ಟಿ ಹಣ್ಣಿಗೂ ಬಾಡಿದ ಹಣ್ಣಿಗೂ ತಕ್ಕ ಪಾಕವನ್ನು ಕಂಡುಕೊಳ್ಳಬಹುದು.

ಬಯಲಿಗೆ ಬಂದ ಬೆಟ್ಟದ ಹಣ್ಣು

ಇಂದು ಜಗತ್ತಿನಾದ್ಯಂತ ಬೆಳೆಯುವ ಸೇಬಿನ ಮೂಲ ಮಧ್ಯ ಏಷ್ಯಾದ ತಿಯೆನ್‌ಶಾನ್ ಪರ್ವತಶ್ರೇಣಿಯ ಕಾಡುಸೇಬು. ಚಳಿನಾಡಿನ ಮರವಾದ್ದರಿಂದ ಎಲೆಯುದುರಿಸಿ ನಿದ್ರಿಸುವ ಅವಧಿಯೊಂದು ಅದಕ್ಕೆ ಅವಶ್ಯಕ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಾಪಮಾನದಲ್ಲಿ ಸಾಂಪ್ರದಾಯಿಕ ತಳಿಗಳು ಒಟ್ಟು ಸಾವಿರ ಗಂಟೆಗಳ ಆಸುಪಾಸು ಕಳೆದರೆ ಮಾತ್ರ ಮೊಗ್ಗುಗಳು ಸರಿಯಾಗಿ ಒಡೆಯುತ್ತವೆ. ತೋಟಗಾರಿಕೆಯಲ್ಲಿ ಇದನ್ನು ಶೀತಾವಧಿ ಎನ್ನಲಾಗುತ್ತದೆ. ಬೀದರ್‌ನ ಪ್ರಸ್ಥಭೂಮಿಯಲ್ಲಿ ಮಾಗಿಯ ಕೆಲವು ಮುಂಜಾವುಗಳು 10 ಡಿಗ್ರಿಗಿಂತ ಕೆಳಗಿಳಿದರೂ ಮಧ್ಯಾಹ್ನದ ಬಿಸಿಲು ಆ ಚಳಿಯನ್ನು ಕರಗಿಸಿಬಿಡುವುದರಿಂದ, ಹಳೆಯ ತಳಿಗಳು ಇಲ್ಲಿ ಫಲ ಕೊಡುವುದಿಲ್ಲ.

ಹಿಮಾಚಲದಲ್ಲಿ ಸೇಬು ದೊಡ್ಡ ಪ್ರಮಾಣದ ವಾಣಿಜ್ಯ ಬೆಳೆಯಾದ ಕಥೆ ಒಂದು ಶತಮಾನಕ್ಕಿಂತ ಸ್ವಲ್ಪವೇ ಹಳೆಯದು. ಅಮೆರಿಕದಿಂದ ಬಂದು ಹಿಮಾಚಲದ ಕೋಟ್‌ಗಢದಲ್ಲಿ ನೆಲೆಸಿ, ಮುಂದೆ ಸತ್ಯಾನಂದ ಸ್ಟೋಕ್ಸ್ ಎಂದು ಹೆಸರಾದ ಸ್ಯಾಮ್ಯುಯಲ್ ಇವಾನ್ಸ್ ಸ್ಟೋಕ್ಸ್ 1916ರಲ್ಲಿ ಅಲ್ಲಿ ಡೆಲಿಷಿಯಸ್ ತಳಿಯ ಗಿಡಗಳನ್ನು ನೆಟ್ಟರು. ಇಂದು ದಕ್ಷಿಣದ ಮಾರುಕಟ್ಟೆಗಳಿಗೆ ಶಿಮ್ಲಾ ಸೇಬೆಂಬ ಹೆಸರಿನಲ್ಲಿ ಬರುವ ಕೆಂಪು ಹಣ್ಣಿನ ಬಹುಪಾಲು ಆ ತಳಿಯ ಕುಟುಂಬಕ್ಕೇ ಸೇರಿದ್ದು. ಕರ್ನಾಟಕಕ್ಕೂ ಸೇಬಿನ ಕೃಷಿ ಸಂಪೂರ್ಣ ಅಪರಿಚಿತವಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬೆಂಗಳೂರಿನ ಸುತ್ತಮುತ್ತ ರೋಮ್ ಬ್ಯೂಟಿ ಎಂಬ ತಳಿಯ ತೋಟಗಳಿದ್ದವು. ನಗರ ಬೆಳೆದಂತೆ ಅವು ಅಳಿದವು. ಇತ್ತೀಚೆಗೆ ಕಡಿಮೆ ಶೀತಾವಧಿ ಸಾಕಾಗುವ ತಳಿಗಳು ಬಯಲುಸೀಮೆಗೂ ಹರಡುತ್ತಿದ್ದು, ಹಿಮಾಚಲದ ಬಿಲಾಸ್‌ಪುರದ ಹರಿಮನ್ ಶರ್ಮಾ ಅಭಿವೃದ್ಧಿಪಡಿಸಿದ ಎಚ್‌ಆರ್‌ಎಂಎನ್-99 ಅವುಗಳಲ್ಲಿ ಹೆಸರುವಾಸಿಯಾಗಿದೆ. ಬಾಗಲಕೋಟೆ ಜಿಲ್ಲೆಯ ಕುಳಲಿಯಲ್ಲಿ ಶ್ರೀಶೈಲ ತೇಲಿ ಅವರು ಬಿಸಿಲುನಾಡಿನಲ್ಲೇ ಸೇಬು ಬೆಳೆದದ್ದನ್ನು ಪ್ರಧಾನಿಯವರು 2025ರ ಏಪ್ರಿಲ್‌ನ ‘ಮನ್ ಕಿ ಬಾತ್’ ಭಾಷಣದಲ್ಲಿ ಪ್ರಸ್ತಾಪಿಸಿದ್ದರು. ಆದರೂ ಶರತ್ಕಾಲದಲ್ಲಿ ಭಾಲ್ಕಿಯ ಅಡುಗೆಮನೆಗೆ ಬರುವ ಸೇಬು ಸದ್ಯಕ್ಕೆ ಬೆಟ್ಟದ ಸೇಬೇ.

ತುಪ್ಪದಲ್ಲಿ ಬೇಯಿಸುವ ಹಳೆಯ ವಿದ್ಯೆ

ಹಣ್ಣು ಹೊರಗಿನದಾದರೂ ಪಾಕಕ್ರಮ ಈ ನೆಲಕ್ಕೆ ಹೊಸದಲ್ಲ. ಭಾಲ್ಕಿಯ ನೆರೆಯ ತಾಲ್ಲೂಕಾದ ಬಸವಕಲ್ಯಾಣ, ಅಂದಿನ ಕಲ್ಯಾಣ, ಚಾಲುಕ್ಯರ ರಾಜಧಾನಿಯಾಗಿದ್ದಾಗ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ನೂರು ಅಧ್ಯಾಯಗಳ ಸಂಸ್ಕೃತ ವಿಶ್ವಕೋಶವಾಗಿದ್ದು, ಅದರ ಅನ್ನಭೋಗವೆಂಬ ಭಾಗವು ಅರಸನ ಅಡುಗೆಮನೆಯ ಕ್ರಮಗಳನ್ನು ವಿವರಿಸುತ್ತದೆ. ಒಡೆದ ಹಾಲಿನ ಗಟ್ಟಿಗೆ ಅಕ್ಕಿಹಿಟ್ಟು ಬೆರೆಸಿ, ಉಂಡೆ ಕಟ್ಟಿ, ಕರಿದು, ಸಕ್ಕರೆಯಿಂದ ಸಿಹಿಗೊಳಿಸುವ ಕ್ಷೀರಪ್ರಕಾರವೆಂಬ ತಿನಿಸು ಅಲ್ಲಿ ಉಕ್ತವಾಗಿದೆ. ಅದಕ್ಕೂ ಒಂದು ಶತಮಾನ ಮೊದಲು, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿಯೂ ಸೂಪಶಾಸ್ತ್ರಕ್ಕೆ, ಅಂದರೆ ಪಾಕವಿದ್ಯೆಗೆ, ಪ್ರತ್ಯೇಕ ಅಧ್ಯಾಯವಿದೆ. ಮೊದಲು ಕೊಬ್ಬಿನಲ್ಲಿ ಬೇಯಿಸಿ ಆಮೇಲೆ ಸಿಹಿ ಲೇಪಿಸುವ ಕ್ರಮವು ಈ ಸೀಮೆಯಲ್ಲಿ ಒಂಬತ್ತು ಶತಮಾನಗಳ ಹಿಂದೆಯೇ ಅರಸೊತ್ತಿಗೆಯ ಮನ್ನಣೆ ಪಡೆದಿತ್ತು.

ಹಣ್ಣನ್ನೇ ಕರಿಯುವ ರೂಢಿಯೂ ಕನ್ನಡ ನಾಡಿನಲ್ಲಿದೆ. ಮಲೆನಾಡಿನ ಮನೆಗಳಲ್ಲಿ ಹಲಸಿನ ಹಣ್ಣಿನ ತೊಳೆಗೆ ಬೆಲ್ಲ ಮತ್ತು ಅಕ್ಕಿ ಸೇರಿಸಿ ರುಬ್ಬಿ ಮುಳುಕ ಕರಿಯುತ್ತಾರೆ. ಕರಾವಳಿಯ ಬನ್ಸ್ ಮಾಗಿದ ಬಾಳೆಹಣ್ಣಿನಿಂದ ಆಗುತ್ತದೆ. ಸೇಬಿನ ವಿಷಯದಲ್ಲಿ ಹೊರನಾಡುಗಳು ಇದೇ ದಾರಿಯನ್ನು ತುಳಿದಿವೆ. ಅಮೆರಿಕದ ದಕ್ಷಿಣ ಭಾಗದಲ್ಲಿ ಹೋಳುಗಳನ್ನು ಬೆಣ್ಣೆಯಲ್ಲಿ ಹುರಿದು ಸಕ್ಕರೆ ಮತ್ತು ದಾಲ್ಚಿನ್ನಿ ಹಾಕುತ್ತಾರೆ, ಜರ್ಮನಿ ಮತ್ತು ನೆದರ್ಲೆಂಡ್ಸ್‌ನಲ್ಲಿ ಬಳೆಯಾಕಾರದ ಹೋಳುಗಳನ್ನು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ, ಉತ್ತರ ಚೀನಾದಲ್ಲಿ ಹಿಟ್ಟು ಹಚ್ಚಿ ಕರಿದ ಹೋಳುಗಳನ್ನು ನೂಲಿನಂತೆ ಎಳೆ ಬರುವ ಸಕ್ಕರೆ ಪಾಕದಲ್ಲಿ ಹೊರಳಿಸಿ ಬಿಸಿಯಾಗಿಯೇ ಬಡಿಸುತ್ತಾರೆ.

ಎಲ್ಲ ಹಣ್ಣುಗಳೂ ಬೆಂಕಿಯನ್ನು ತಾಳುವುದಿಲ್ಲ ಎಂಬುದನ್ನು ಬೀದರ್ ಸೀಮೆಯ ಸ್ವಂತ ಶರತ್ಕಾಲದ ಹಣ್ಣಾದ ಸೀತಾಫಲವೇ ತೋರಿಸುತ್ತದೆ. ಗುಡ್ಡಗಳಲ್ಲಿಯೂ ಬದುಗಳಲ್ಲಿಯೂ ತಾನಾಗಿ ಬೆಳೆಯುವ ಈ ಹಣ್ಣಿನ ತಿರುಳು ಹೆಚ್ಚು ಬಿಸಿಯಾದರೆ ಕಹಿಗೆ ತಿರುಗುವುದರಿಂದ, ಅದನ್ನು ಹಸಿಯಾಗಿಯೇ ತಿನ್ನುವುದು ಅಥವಾ ಆರಿದ ಹಾಲಿನ ಕೆನೆಗೆ ಬೆರೆಸುವುದು ಸೂಕ್ತ. ಪೇರಲ ಹಣ್ಣಿನಲ್ಲಿ ಗಟ್ಟಿ ಬೀಜಗಳ ತೊಡಕಿದೆ. ಸೇಬು ಮಾತ್ರ ಬಿಸಿಯಲ್ಲಿ ಪರಿಮಳವನ್ನು ಹೆಚ್ಚಿಸಿಕೊಳ್ಳುತ್ತದೆ ಮತ್ತು ತಕ್ಕ ಎಚ್ಚರ ವಹಿಸಿದರೆ ಆಕಾರವನ್ನೂ ಉಳಿಸಿಕೊಳ್ಳುತ್ತದೆ.

ಬಾಣಲೆಯೊಳಗಿನ ನೀರಿನ ಲೆಕ್ಕ

ಸೇಬಿನ ತೂಕದಲ್ಲಿ ಸುಮಾರು ಶೇ 85ರಷ್ಟು ನೀರು, ಶೇ 10ಕ್ಕೂ ಹೆಚ್ಚು ಸಕ್ಕರೆ ಇರುತ್ತದೆ; ಆ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ ಫ್ರಕ್ಟೋಸ್. ಹಣ್ಣಿನ ಹುಳಿಗೆ ಮ್ಯಾಲಿಕ್ ಆಮ್ಲ ಕಾರಣ. ಜೀವಕೋಶಗಳ ನಡುವೆ ಗಾಳಿಯ ಸಣ್ಣ ಸಣ್ಣ ಕೋಣೆಗಳಿರುವುದರಿಂದ ಹಣ್ಣು ನೀರಿನಲ್ಲಿ ತೇಲುತ್ತದೆ. ಕೋಶಗಳನ್ನು ಒಂದಕ್ಕೊಂದು ಅಂಟಿಸುವ ವಸ್ತು ಪೆಕ್ಟಿನ್. ಕುದಿಯುವ ಬಿಸಿಗೆ ಪೆಕ್ಟಿನ್ ಕರಗಿದೊಡನೆ ಕೋಶಗಳು ಬಿಡಿಯಾಗಿ, ಗಾಳಿ ಹೊರಹೋಗಿ, ಹೋಳು ಕುಸಿಯುತ್ತದೆ.

ನೀರು ಇರುವವರೆಗೆ ಹೋಳಿನ ಮೇಲ್ಮೈ ನೀರಿನ ಕುದಿಬಿಂದುವನ್ನು ದಾಟಲಾರದು. ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವ ಬೀದರ್ ಸೀಮೆಯಲ್ಲಿ ಅದು ಸುಮಾರು 98 ಡಿಗ್ರಿ. ಆದರೆ ಹುರಿದ ಹಣ್ಣಿನ ಕಂದು ಬಣ್ಣಕ್ಕೂ ಘಮಕ್ಕೂ ಇದಕ್ಕಿಂತ ಹೆಚ್ಚಿನ ಬಿಸಿ ಬೇಕು: ಫ್ರಕ್ಟೋಸ್ ಸುಮಾರು 110 ಡಿಗ್ರಿಯಲ್ಲಿ, ಸಾಮಾನ್ಯ ಸಕ್ಕರೆಯಾದ ಸುಕ್ರೋಸ್ ಸುಮಾರು 160 ಡಿಗ್ರಿಯಲ್ಲಿ ಕಂದುಗಟ್ಟತೊಡಗುತ್ತವೆ. ಸಕ್ಕರೆಯ ಈ ಕಂದುಗಟ್ಟುವಿಕೆಗೆ ಕ್ಯಾರಮಲೀಕರಣವೆಂದು ಹೆಸರು. ಬಾಣಲೆಯಲ್ಲಿ ಹೋಳುಗಳನ್ನು ಒತ್ತೊತ್ತಾಗಿ ತುಂಬಿದರೆ ಹೊರಬಂದ ನೀರು ಆವಿಯಾಗಲು ಜಾಗವಿಲ್ಲದೆ ಕೆಳಗೆ ನಿಂತು, ಹಣ್ಣು ಹುರಿಯುವ ಬದಲು ತನ್ನ ರಸದಲ್ಲೇ ಬೆಂದು ಮುದ್ದೆಯಾಗುತ್ತದೆ. ಬೆಲ್ಲವನ್ನು ಮೊದಲೇ ಹಾಕಿದರೂ ಪರಿಣಾಮ ಇದೇ, ಏಕೆಂದರೆ ಸಿಹಿಯು ಹಣ್ಣಿನೊಳಗಿನ ನೀರನ್ನು ಎಳೆದು ಹೊರತರುತ್ತದೆ. ಆದ್ದರಿಂದ ಮೊದಲು ನೀರನ್ನು ಹೊರಗಟ್ಟಿ, ನಂತರ ಬಣ್ಣ ಬರಿಸಿ, ಕೊನೆಗೆ ಸಿಹಿ ಕೂಡಿಸುವುದು ಈ ಪಾಕದ ಕ್ರಮವಾಗಬೇಕು. ಇದರ ಸೋಲುಗೆಲುವುಗಳೆಲ್ಲ ಈ ಕ್ರಮಕ್ಕೆ ಕಟ್ಟುಬಿದ್ದಿವೆ.

ಆಕಾರ ಉಳಿಸಲು ಇನ್ನೊಂದು ಉಪಾಯವಿದೆ. ಹಣ್ಣಿನಲ್ಲೇ ಇರುವ ಒಂದು ಕಿಣ್ವವು ಸುಮಾರು 60ರಿಂದ 70 ಡಿಗ್ರಿಯ ಬಿಸಿಯಲ್ಲಿ ಚುರುಕಾಗಿ, ಪೆಕ್ಟಿನ್ ಕ್ಯಾಲ್ಸಿಯಂನೊಡನೆ ಬಿಗಿಯಾಗಿ ಬೆಸೆದುಕೊಳ್ಳುವಂತೆ ಮಾಡುತ್ತದೆ. ಈ ಬಿಸಿಯ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆದ ಹೋಳುಗಳು ಮುಂದೆ ಹೆಚ್ಚಿನ ಬಿಸಿಗೂ ಬೇಗನೆ ಕುಸಿಯುವುದಿಲ್ಲ. ಹೆಚ್ಚಿದ ಹಣ್ಣು ಕಪ್ಪಾಗುವುದಕ್ಕೂ ಬೇರೊಂದು ಕಿಣ್ವವೇ ಕಾರಣವಾಗಿದ್ದು, ಗಾಳಿ ತಾಕಿದೊಡನೆ ಅದು ಹಣ್ಣಿನ ಫಿನಾಲಿಕ್ ಪದಾರ್ಥಗಳನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ತಿಳಿಯಾದ ಉಪ್ಪುನೀರು ಅಥವಾ ಲಿಂಬೆರಸ ಅದನ್ನು ತಡೆಯುತ್ತದೆ.

ಸಾಮಗ್ರಿಯ ಆಯ್ಕೆ

ಹುರಿಯಲು ಗಟ್ಟಿಯಾದ, ತುಸು ಹುಳಿಯಿರುವ ಹಣ್ಣು ಶ್ರೇಷ್ಠ. ಹಸಿರು ಬಣ್ಣದ ಗ್ರ್ಯಾನಿ ಸ್ಮಿತ್ ಮತ್ತು ಹಳದಿಯ ಗೋಲ್ಡನ್ ಡೆಲಿಷಿಯಸ್ ಇದಕ್ಕೆ ಹೇಳಿ ಮಾಡಿಸಿದಂತಿವೆ. ಸುಲಭವಾಗಿ ಸಿಗುವ ಕೆಂಪು ಡೆಲಿಷಿಯಸ್‌ನಲ್ಲಿ ಹುಳಿ ಕಡಿಮೆಯಾದ್ದರಿಂದ ಅದು ಬೇಗ ಮೆತ್ತಗಾಗುತ್ತದೆ. ಆದರೂ ಶರತ್ಕಾಲದ ಹೊಸ ಹಣ್ಣನ್ನು ಆರಿಸಿ, ಕೊನೆಯಲ್ಲಿ ಲಿಂಬೆರಸ ಸೇರಿಸಿದರೆ ಅದೂ ಒಗ್ಗುತ್ತದೆ. ಹೊಳಪಿಗಾಗಿ ಮೇಣ ಲೇಪಿಸಿದ ಹಣ್ಣಾದರೆ ಸಿಪ್ಪೆ ತೆಗೆಯುವುದೇ ಸರಿ. ಕೊಳೆತ ಅಥವಾ ಬೂಸ್ಟು ಹಿಡಿದ ಹಣ್ಣನ್ನು ಕತ್ತರಿಸಿ ಒಳ್ಳೆಯ ಭಾಗವನ್ನು ಬಳಸುವ ಮಿತವ್ಯಯ ಇಲ್ಲಿ ಸಲ್ಲದು. ಸೇಬಿನ ಬೂಸ್ಟಿನಲ್ಲಿ ಉಂಟಾಗುವ ಪಟುಲಿನ್ ಎಂಬ ವಿಷವು ಕಣ್ಣಿಗೆ ಕಾಣುವ ಕೊಳೆತದ ಆಚೆಗೂ ಹರಡಿರಬಲ್ಲದು ಮತ್ತು ಒಲೆಯ ಬಿಸಿಗೆ ಪೂರ್ತಿ ನಾಶವಾಗದು.

ಕೊಬ್ಬಿಗೆ ತುಪ್ಪಕ್ಕಿಂತ ತಕ್ಕದ್ದಿಲ್ಲ. ಬೆಣ್ಣೆಯಲ್ಲಿ ನೀರೂ ಹಾಲಿನ ಗಟ್ಟಿ ಅಂಶವೂ ಉಳಿದಿರುವುದರಿಂದ ಅದು ಬೇಗ ಸೀದು ಕಪ್ಪಾಗುತ್ತದೆ. ಕಾಯಿಸಿ ಸೋಸಿದ ತುಪ್ಪವು ಬಹುಮಟ್ಟಿಗೆ ಶುದ್ಧ ಕೊಬ್ಬಾಗಿದ್ದು ಬಹಳ ಹೆಚ್ಚಿನ ಬಿಸಿಯವರೆಗೂ ಹೊಗೆಯಾಡುವುದಿಲ್ಲ. ಈ ಸೀಮೆಗೆ ತನ್ನದೇ ಆದ ದೇವಣಿ ತಳಿಯ ಹಸುಗಳಿವೆ. ನೆರೆಯ ಲಾತೂರ್ ಜಿಲ್ಲೆಯ ದೇವಣಿಯಿಂದ ಹೆಸರು ಪಡೆದ ಈ ತಳಿ ಹಾಲಿಗೂ ಬೇಸಾಯಕ್ಕೂ ಒದಗುವಂಥದ್ದಾಗಿದ್ದು, ಬೀದರ್‌ನಲ್ಲಿ ಕೇಂದ್ರವಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಜಿಲ್ಲೆಯ ಕಟ್ಟಿತೂಗಾಂವ್‌ನಲ್ಲಿ ಇದರ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದೆ.

ಸಿಹಿಗೆ ಬೆಲ್ಲವೇ ಆಗಬೇಕು. ಮಾಂಜ್ರಾ ನದಿಯ ಬಯಲು ಮತ್ತು ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯಲ್ಲಿ ಕಾರಂಜಾ ನದಿಗೆ ಕಟ್ಟಿದ ಜಲಾಶಯದ ಆಶ್ರಯದಲ್ಲಿ ಈ ಜಿಲ್ಲೆ ಕಬ್ಬಿನ ನಾಡಾಗಿದೆ. ಬೆಲ್ಲದಲ್ಲಿ ಸುಕ್ರೋಸ್ ಜೊತೆಗೆ ಗ್ಲೂಕೋಸ್, ಫ್ರಕ್ಟೋಸ್ ಮತ್ತು ಖನಿಜಗಳು ಉಳಿದಿರುವುದರಿಂದ ಅದರ ಪಾಕಕ್ಕೆ ಬಿಳಿಸಕ್ಕರೆಗಿಲ್ಲದ ಗಾಢ ರುಚಿ ಬರುತ್ತದೆ. ಆದರೆ ಅದೇ ಕಾರಣಕ್ಕೆ ಅದು ಬೇಗ ಸೀಯುತ್ತದೆ. ಅಲ್ಲವಂತೂ ಬೀದರ್‌ನ ಹೆಗ್ಗುರುತಿನ ಬೆಳೆ. ಕೇಂದ್ರ ಸರ್ಕಾರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ‘ಒಂದು ಜಿಲ್ಲೆ, ಒಂದು ಉತ್ಪನ್ನ’ದ ಅಡಿ ಈ ಜಿಲ್ಲೆಗೆ ಆಯ್ಕೆಯಾದದ್ದು ಶುಂಠಿಯೇ. ಮುಂಗಾರಿಗೆ ಮುನ್ನ ನೆಟ್ಟ ಗಡ್ಡೆ ಶರತ್ಕಾಲಕ್ಕೆ ಇನ್ನೂ ಎಳೆಯದಾಗಿದ್ದು, ನಾರಿಲ್ಲದೆ ರಸಭರಿತವಾಗಿರುವುದರಿಂದ ಸಿಹಿ ಪಾಕಕ್ಕೆ ಹಿತವಾಗಿ ಬೆರೆಯುತ್ತದೆ.

ಮಾಡುವ ಕ್ರಮ

ನಾಲ್ಕೈದು ಜನರ ಮನೆಗೆ ಮಧ್ಯಮ ಗಾತ್ರದ 4 ಸೇಬು, 3 ದೊಡ್ಡ ಚಮಚ ತುಪ್ಪ, 80 ಗ್ರಾಂ ಬೆಲ್ಲ, ಒಂದು ಇಂಚು ಅಲ್ಲ, ಒಂದು ಸಣ್ಣ ತುಂಡು ದಾಲ್ಚಿನ್ನಿ, 3 ಯಾಲಕ್ಕಿ, ಅರ್ಧ ಲಿಂಬೆಹಣ್ಣು ಮತ್ತು ಒಂದು ಚಿಟಿಕೆ ಉಪ್ಪು ಸಾಕಾಗುತ್ತದೆ. ಹಣ್ಣಿನ ಸಿಪ್ಪೆ ಮತ್ತು ಬೀಜದ ಗೂಡನ್ನು ತೆಗೆದು, ಬೆರಳಿನ ದಪ್ಪದ ಹೋಳುಗಳಾಗಿ ಹೆಚ್ಚಿ, ಹೆಚ್ಚಿದಂತೆಲ್ಲ ತಿಳಿ ಉಪ್ಪುನೀರಿಗೆ ಹಾಕಬೇಕು. ಕುದಿಯುವ ನೀರು ಎರಡು ಪಾಲು, ತಣ್ಣೀರು ಒಂದು ಪಾಲು ಬೆರೆಸಿದರೆ, ಹೋಳುಗಳನ್ನು ಹಾಕಿದ ಮೇಲೆ ಅದು ಹೆಚ್ಚುಕಡಿಮೆ ಮೇಲೆ ಹೇಳಿದ ಬಿಸಿಗೇ ಇಳಿದು ನಿಲ್ಲುತ್ತದೆ. ಅದರಲ್ಲಿ ಹೋಳುಗಳನ್ನು ಹನ್ನೆರಡು ನಿಮಿಷ ಮುಚ್ಚಿಟ್ಟು, ಬಸಿದು, ಒಣ ಬಟ್ಟೆಯ ಮೇಲೆ ಹರಡಿ ತೇವವನ್ನು ಪೂರ್ತಿ ಒರೆಸಿ ತೆಗೆಯಬೇಕು.

ಪಾತ್ರೆ ಅಗಲವಾಗಿ, ದಪ್ಪ ತಳದ್ದಾಗಿರಬೇಕು. ಹುಳಿ ಹಣ್ಣಿನೊಡನೆ ಕಬ್ಬಿಣ ಸೇರಿದರೆ ಪಾಕ ಕಪ್ಪಾಗಿ ಲೋಹದ ಒಗರು ಬರುವುದರಿಂದ ಕಬ್ಬಿಣದ ತವಾಕ್ಕಿಂತ ಸ್ಟೀಲ್ ಅಥವಾ ಕಲಾಯಿ ಮಾಡಿಸಿದ ಹಿತ್ತಾಳೆಯ ಪಾತ್ರೆ ಮೇಲು. ತುಪ್ಪ ಕಾದು ಘಮ ಬಂದ ಮೇಲೆ ಹೋಳುಗಳನ್ನು ಒಂದೇ ಪದರವಾಗಿ, ನಡುವೆ ಜಾಗ ಬಿಟ್ಟು ಜೋಡಿಸಿ, ಎರಡು ಮೂರು ನಿಮಿಷ ಕೈಯಾಡಿಸದೆ ಬಿಡಬೇಕು. ತಳ ಹೊಂಬಣ್ಣಕ್ಕೆ ಬಂದಾಗ ಒಂದೊಂದನ್ನೇ ಮಗುಚಿ ಇನ್ನೊಂದು ಮಗ್ಗುಲನ್ನೂ ಹಾಗೆಯೇ ಹುರಿಯಬೇಕು. ಪದೇ ಪದೇ ಕೈಯಾಡಿಸಿದರೆ ಮೇಲ್ಮೈ ತಣಿದು, ಅಂಚುಗಳು ಮುರಿದು, ಬಣ್ಣ ಬರುವ ಮುನ್ನವೇ ಹಣ್ಣು ಬೆಂದುಹೋಗುತ್ತದೆ. ಎಲ್ಲ ಹೋಳುಗಳೂ ಒಮ್ಮೆಗೆ ಹಿಡಿಯದಿದ್ದರೆ ಎರಡು ಸಲವಾಗಿ ಹುರಿದು ತಟ್ಟೆಗೆ ತೆಗೆದಿರಿಸುವುದು ಉತ್ತಮ.

ಬೆಲ್ಲವನ್ನು ಮೊದಲೇ ಕಾಲು ಬಟ್ಟಲು ನೀರಿನಲ್ಲಿ ಕರಗಿಸಿ ಸೋಸಿಟ್ಟಿದ್ದರೆ ಕಸ ಮತ್ತು ಮಣ್ಣು ಉಳಿಯುವುದಿಲ್ಲ. ಹುರಿದ ಹೋಳುಗಳನ್ನೆಲ್ಲ ತಟ್ಟೆಗೆ ತೆಗೆದ ಮೇಲೆ ಉರಿ ತಗ್ಗಿಸಿ, ಪಾತ್ರೆಯಲ್ಲಿ ಉಳಿದ ತುಪ್ಪಕ್ಕೆ ದಾಲ್ಚಿನ್ನಿ ಮತ್ತು ತುರಿದ ಅಲ್ಲ ಹಾಕಿ ಹಸಿ ವಾಸನೆ ಹೋಗುವವರೆಗೆ ಬಾಡಿಸಿ, ಬೆಲ್ಲದ ನೀರು ಸುರಿದು ಕುದಿಸಬೇಕು. ಗುಳ್ಳೆಗಳು ದೊಡ್ಡದಾಗಿ ಎದ್ದು, ಪಾಕ ಚಮಚದ ಬೆನ್ನಿಗೆ ಅಂಟತೊಡಗಿದಾಗ ಹೋಳುಗಳನ್ನು ಮರಳಿ ಹಾಕಿ, ಪಾತ್ರೆಯನ್ನೇ ಮೆಲ್ಲಗೆ ಅಲುಗಿಸುತ್ತ ಒಂದು ನಿಮಿಷ ಹೊರಳಿಸಿ ಇಳಿಸಬೇಕು. ಇಳಿಸಿದ ಮೇಲೆ ಲಿಂಬೆರಸ, ಯಾಲಕ್ಕಿ ಪುಡಿ ಮತ್ತು ಉಪ್ಪು ಸೇರಿಸುವುದರಿಂದ ಅವುಗಳ ಸುವಾಸನೆ ಉರಿಗೆ ಹಾರಿಹೋಗುವುದಿಲ್ಲ. ಐದು ನಿಮಿಷ ಬಿಟ್ಟರೆ ಹೋಳುಗಳು ಪಾಕವನ್ನು ಹೀರಿಕೊಂಡು ಬಡಿಸುವ ಹದಕ್ಕೆ ಬರುತ್ತವೆ.

ಬಾಡಿದ ಹಣ್ಣಿಗೆ ಕರಿಗಡಬಿನ ದಾರಿ

ಪೂಜೆಗೆ ಇಟ್ಟು ಉಳಿದ, ಕೊಳೆಯದಿದ್ದರೂ ಹಿಟ್ಟುಹಿಟ್ಟಾದ ಹಣ್ಣನ್ನು ಹೋಳಾಗಿ ಹುರಿಯಲು ಬರುವುದಿಲ್ಲ, ಏಕೆಂದರೆ ಅದರ ಪೆಕ್ಟಿನ್ ಆಗಲೇ ಸಡಿಲಗೊಂಡಿರುತ್ತದೆ. ಆದರೆ ಹೂರಣಕ್ಕೆ ಈ ಮೆತುವೇ ಅನುಕೂಲ. ಅಂಥ ಹಣ್ಣನ್ನು ತುರಿದು, ತುಪ್ಪದಲ್ಲಿ ನೀರಾರುವವರೆಗೆ ಹುರಿದು, ಬೆಲ್ಲ ಹಾಕಿ ಗಟ್ಟಿಯಾಗಿಸಿ, ಉಳಿದ ತೇವವನ್ನು ಹೀರಲು ಪುಟಾಣಿಯ ಹಿಟ್ಟು, ಒಣಕೊಬ್ಬರಿ ತುರಿ ಮತ್ತು ಹುರಿದ ಗಸಗಸೆ ಬೆರೆಸಬೇಕು. ಹೂರಣ ಪೂರ್ತಿ ಆರಿದ ಮೇಲೆ, ಬಿಸಿ ತುಪ್ಪ ಹಾಕಿ ಬಿಗಿಯಾಗಿ ಕಲಸಿದ ಗೋದಿಹಿಟ್ಟಿನ ಪುಟ್ಟ ಹಾಳೆಗಳಲ್ಲಿ ತುಂಬಿ, ಅಂಚಿಗೆ ನೀರು ಸವರಿ ಒತ್ತಿ ಮುಚ್ಚಿ, ಮಧ್ಯಮ ಉರಿಯಲ್ಲಿ ಹೊಂಬಣ್ಣ ಬರುವಂತೆ ಕರಿಯಬೇಕು. ಹೂರಣದಲ್ಲಿ ತೇವ ಉಳಿದರೆ ಅದು ಆವಿಯಾಗಿ ಹಿಗ್ಗಿ ಕಡಬನ್ನು ಎಣ್ಣೆಯಲ್ಲೇ ಒಡೆಯುತ್ತದೆ. ಇಲ್ಲಿಯೂ ನೀರಿನ ಲೆಕ್ಕವೇ ಮುಖ್ಯ. ಅಮೆರಿಕದ ದಕ್ಷಿಣದ ಮನೆಗಳಲ್ಲಿ ಅರ್ಧಚಂದ್ರಾಕಾರದ ಸೇಬಿನ ಪೈಗಳನ್ನು ಕರಿಯುವ ಕ್ರಮವೂ ಇದೇ ಆಗಿದ್ದು, ಉತ್ತರ ಕರ್ನಾಟಕದ ಕರಿಗಡಬು ಕಟ್ಟಿ ಪಳಗಿದ ಕೈಗೆ ಇದರಲ್ಲಿ ಹೊಸದಾಗಿ ಕಲಿಯಬೇಕಾದದ್ದು ಬಹಳವೇನಿಲ್ಲ.

ಬಡಿಸುವುದು ಮತ್ತು ಮಿತಿ

ಹುರಿದ ಸೇಬಿನ ಮೇಲೆ ಬಿಸಿ ಹಾಲು ಸುರಿದರೆ ಹಣ್ಣಿನ ಮತ್ತು ಬೆಲ್ಲದ ಹುಳಿಗೆ ಹಾಲು ಒಡೆಯುತ್ತದೆ. ಹೀಗಾಗಿ ತಣ್ಣನೆಯ ದಪ್ಪ ಕೆನೆ, ಅಥವಾ ಉದುರಿಸಿದ ಖೋವಾ ಅದಕ್ಕೆ ಜೊತೆಯಾಗಬೇಕು. ಹುರಿದ ಎಳ್ಳು ಉದುರಿಸಿದರೆ ಅಗಿಯಲು ಗರಿಗರಿಯೂ ದೊರೆಯುತ್ತದೆ. ಗೋದಿ ಹುಗ್ಗಿಯ ಮೇಲೆ ಹೋಳುಗಳನ್ನಿಟ್ಟು ಬಡಿಸಿದರೆ ಹಬ್ಬದ ಊಟದೊಳಕ್ಕೇ ಅದು ಸಹಜವಾಗಿ ಸೇರಿಕೊಳ್ಳುತ್ತದೆ. ಉಳಿದದ್ದನ್ನು ಫ್ರಿಜ್‌ನಲ್ಲಿ ಒಂದೆರಡು ದಿನ ಇಡಬಹುದಾದರೂ ಮತ್ತೆ ಬಿಸಿ ಮಾಡುವಾಗ ಹೋಳುಗಳು ಮೆತ್ತಗಾಗುವುದರಿಂದ ಮಾಡಿದ ದಿನವೇ ತಿನ್ನುವುದು ಲೇಸು.

ಚರಕಸಂಹಿತೆಯ ಋತುಚರ್ಯೆಯು ಶರತ್ಕಾಲದಲ್ಲಿ ಪಿತ್ತ ಕೆರಳುತ್ತದೆಂದು ಹೇಳಿ, ಎಣ್ಣೆಯನ್ನು ದೂರವಿಡಲು, ಸಿಹಿ ಮತ್ತು ಹಗುರವಾದ ಆಹಾರವನ್ನು ಹಸಿವರಿತು, ಅಳತೆಯರಿತು ಸೇವಿಸಲು ಸೂಚಿಸುತ್ತದೆ. ಎಣ್ಣೆಯ ಬದಲು ತುಪ್ಪ, ಖಾರವಾಗದಷ್ಟು ಅಲ್ಲ ಮತ್ತು ಒಂದು ಸಣ್ಣ ಬಟ್ಟಲಿನ ಮಿತಿ ಈ ಹಳೆಯ ವಿವೇಕಕ್ಕೂ ಹೊಂದುತ್ತವೆ. ಬೆಲ್ಲವೂ ಸಕ್ಕರೆಯ ರೂಪವೇ ಆದ್ದರಿಂದ ಮಧುಮೇಹವಿರುವವರು ಬೆಲ್ಲದ ಪಾಕವನ್ನು ಬಿಟ್ಟು, ತುಪ್ಪದಲ್ಲಿ ಹುರಿದ ಕೆಲವೇ ಹೋಳುಗಳಿಗೆ ತೃಪ್ತರಾಗುವುದು ಕ್ಷೇಮ.

ಒಂದು ಸೀಮೆಯ ಅಡುಗೆ ಅಲ್ಲಿ ಬೆಳೆದ ಪದಾರ್ಥಗಳಿಂದ ಮಾತ್ರ ಬೆಳೆಯುವುದಿಲ್ಲ. ಹೊರಗಿನಿಂದ ಬಂದ ಪದಾರ್ಥವನ್ನು ಆ ಸೀಮೆಯ ಕೈ ಹೇಗೆ ಪಳಗಿಸಿಕೊಳ್ಳುತ್ತದೆ ಎಂಬುದರಿಂದಲೂ ಬೆಳೆಯುತ್ತದೆ. ಇಂದು ಕರ್ನಾಟಕದ ಯಾವ ಅಡುಗೆಮನೆಯೂ ಬಿಡಲಾರದ ಮೆಣಸಿನಕಾಯಿ, ಆಲೂಗಡ್ಡೆ ಮತ್ತು ಟೊಮೆಟೊಗಳು ಒಂದು ಕಾಲಕ್ಕೆ ಅಮೆರಿಕ ಖಂಡಗಳಿಂದ ಬಂದವು. ಬೀದರ್‌ನ ಗುಡ್ಡಗಳ ಸೀತಾಫಲದ ತವರೂ ಅಲ್ಲೇ. ಅವು ಇಲ್ಲಿನವಾದದ್ದು ಇಲ್ಲಿನ ಒಗ್ಗರಣೆ, ಇಲ್ಲಿನ ಒಲೆ ಮತ್ತು ಇಲ್ಲಿನ ಹಬ್ಬಗಳೊಡನೆ ಬೆರೆತದ್ದರಿಂದ. ದೇವಣಿಯ ತುಪ್ಪ, ಕಾರಂಜಾ ದಂಡೆಯ ಕಬ್ಬಿನ ಬೆಲ್ಲ ಮತ್ತು ಬೀದರ್‌ನ ಎಳೆಯ ಅಲ್ಲದೊಡನೆ ಬಾಣಲೆಗಿಳಿದ ಸೇಬಿಗೂ ಅದೇ ಹಾದಿ ತೆರೆದಿದೆ. ಪ್ರತಿ ಶರತ್ಕಾಲದಲ್ಲೂ ಮನೆಗಳು ಅದನ್ನು ಮಾಡುತ್ತ ಹೋದರೆ ರೋಗಿಯ ಮಂಚದ ಬಳಿಯ ಹಣ್ಣು ಹಬ್ಬದ ಎಡೆಯ ಸಿಹಿಯಾಗಲು ಬಹುಕಾಲ ಬೇಕಾಗದು.